ಗೋಡೆಯ ಏಳು ಕಾಯಿ

ಕುಂಭ ತಿಂಗಳು ಹಿಡಿಯಿತೆಂದರೆ ಪುತ್ತಿಗೆಯ ಬೈಲಿನಲ್ಲಿ ಕೋಳಿ ಕೂಗುವ ಮೊದಲೇ ಕೊಡಪಾನಗಳ ಸದ್ದು ಸುರುವಾಗುತ್ತದೆ. ಪೈರು ಕೊಯ್ದ ಗದ್ದೆಗಳಲ್ಲಿ ಎಲ್ಲರದ್ದೂ ತರಕಾರಿ ಬಳ್ಳಿ; ಬಿಸಿಲೇರುವ ಮೊದಲು ಬುಡಕ್ಕೆ ನೀರು ಬೀಳಬೇಕು. ಗದ್ದೆಯ ಮೂಲೆಯಲ್ಲಿ ತೋಡಿದ ಹೊಂಡಕ್ಕೆ ಉಗ್ಗಪ್ಪ ಎರಡು ಖಾಲಿ ಕೊಡಪಾನ ಹಿಡಿದು ಇಳಿದರೆ, ಅವನ ಹೆಂಡತಿ ಪ್ರಫುಲ್ಲಾ ತುಂಬಿದ ಎರಡನ್ನು ಹಿಡಿದು ಏರುತ್ತಿದ್ದಳು. ಬುಡದ ಮಣ್ಣು ಕೊಚ್ಚಿಹೋಗದ ಹಾಗೆ ಬಗ್ಗಿ, ಅಂಗೈ ಅಡ್ಡ ಹಿಡಿದು ಹೊಯ್ಯಬೇಕು. ದಿನಕ್ಕೆ ಇನ್ನೂರ ನಲ್ವತ್ತು ಕೊಡಪಾನ. ಆ ಲೆಕ್ಕ ದೇವಕಿಗೆ ಬಾಯಿಪಾಠ, ಏಕೆಂದರೆ ಮೂವತ್ತೈದು ವರ್ಷ ಆ ನೀರು ಹೊತ್ತವಳು ಅವಳೇ. ಕಳೆದ ಮಳೆಗಾಲದಲ್ಲಿ ಮೊಣಗಂಟು ಹಿಡಿದ ಮೇಲೆ ಮಗನೂ ಸೊಸೆಯೂ ಸೇರಿ ಅವಳನ್ನು ಜಗಲಿಗೆ ಹತ್ತಿಸಿ ಕೂರಿಸಿದ್ದರು. ಜಗಲಿಯಿಂದ ಗದ್ದೆಯ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧದಲ್ಲಿ ಇವರು ಎಂತ ಮಾಡುತ್ತಾರೋ ಎಂದು ಅವಳಿಗೆ ದಿನವಿಡೀ ಸಂಕಟ.

"ಉಗ್ಗಪ್ಪಾ, ಕೊನೆಯ ಸಾಲಿಗೆ ಹೊಯ್ದೆಯಾ?"

"ಹೊಯ್ದೆ ಅಮ್ಮಾ."

"ನನಗೆ ಕಾಣಲಿಲ್ಲವಲ್ಲ!"

"ನಿಮಗೆ ಕಾಣಬೇಕಾದರೆ ಜಗಲಿಯನ್ನೇ ಎತ್ತಿ ಗದ್ದೆಗೆ ತರಬೇಕಷ್ಟೆ!"

ತಕ್ಕ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಕೂಗು.

"ಅಜ್ಜೀ, ಬೆನ್ನು ತುರಿಸ್ತದೆ!"

ದೇವಕಿ ಗೋಡೆ ಹಿಡಿದು ಎದ್ದಳು. ಈಗ ಅವಳಿಗಿದ್ದ ಕೆಲಸ ಇದೇ. ಏಳು ವರ್ಷದ ಮೊಮ್ಮಗಳು ಅಮ್ಮು ಐದು ದಿನದ ಹಿಂದೆ ಗೇರು ಹಣ್ಣಿನ ಆಸೆಗೆ ಮರ ಹತ್ತಿ, ಕೊಂಬೆ ಸಮೇತ ಕೆಳಗೆ ಬಿದ್ದಿದ್ದಳು. ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಎಲುಬು ಕಟ್ಟುವುದರಲ್ಲಿ ಹೆಸರಾದ ಬಟ್ಯ ಪಂಡಿತನನ್ನು ಬೆಳ್ಳೂರಿನಿಂದ ಕರೆಸಿದ್ದಾಯಿತು. ಅವನು ಸೊಪ್ಪು ಅರೆದು ಮೆತ್ತಿ, ಬಿದಿರಿನ ಸೀಳುಗಳನ್ನು ಸುತ್ತ ನಿಲ್ಲಿಸಿ, ಹಳೆಯ ಮುಂಡು ಹರಿದು ಬಿಗಿದು, "ನಲ್ವತ್ತು ದಿನ ಕಾಲು ನೆಲಕ್ಕೆ ತಾಗಬಾರದು" ಎಂದು ಹೇಳಿ ಹೋಗಿದ್ದ. ಕೋಳಿ, ನಾಯಿ, ಬರುವವರು ಹೋಗುವವರ ಕಾಲ್ತುಳಿತದಿಂದ ದೂರ ಇರಲೆಂದು ಹುಡುಗಿಯನ್ನು ಹಿಂದಿನ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಅಕ್ಕಿ ಮುಡಿ, ಹಗ್ಗ, ಹಳೆಯ ಬುಟ್ಟಿ ಇಡುವ ಕೋಣೆ ಅದು. ಮೂರನೆಯ ದಿನವೇ ಹುಡುಗಿ ಬಳ್ಳಿಯಲ್ಲಿ ಹೂ ಬಿಟ್ಟಿದೆಯಾ ನೋಡುತ್ತೇನೆಂದು ಅಂಡೆಳೆದುಕೊಂಡು ಬಾಗಿಲವರೆಗೆ ಬಂದಿದ್ದಳು. ಪಂಡಿತ ಮತ್ತೆ ಬಂದು ಕಟ್ಟು ಸರಿಮಾಡಿ, ಈ ಸಲ ನಗದೆ ಹೇಳಿದ:

"ದೇವಕಿಯಕ್ಕಾ, ಇನ್ನೊಮ್ಮೆ ಜಾರಿದರೆ ಕಾಲು ಗಿಡ್ಡ ಆಗ್ತದೆ. ಆಮೇಲೆ ನನ್ನನ್ನು ಕರೀಬೇಡಿ. ದೇವರನ್ನು ಕರೀರಿ."

ಆ ಮಾತು ಕೇಳಿದಂದಿನಿಂದ ಪ್ರಫುಲ್ಲಾ ನಡುನಡುವೆ ಕೊಡಪಾನ ಇಟ್ಟು ಮಗಳನ್ನು ನೋಡಲು ಓಡಿ ಬರುತ್ತಿದ್ದಳು. ಕಾಲು ಗಿಡ್ಡವಾದ ಹೆಣ್ಣು ಹುಡುಗಿ! ಮಗಳನ್ನು ನಲ್ವತ್ತು ದಿನ ಹೇಗೆ ಮಲಗಿಸುವುದು ಎಂಬುದೇ ಅವಳ ಯೋಚನೆ. ಗದ್ದೆಗೆ ಹೋಗದಿದ್ದರೆ ಬಳ್ಳಿ ಒಣಗುತ್ತದೆ, ಹೋದರೆ ಮಗಳು ಏಳುತ್ತಾಳೆ.

ಉಪಾಯ ಬಂದದ್ದು ಪೊಕ್ಕರ್ ಬಂದಾಗ. ಪೊಕ್ಕರ್ ಕುಂಬಳೆ ಕಡಲ ಕರೆಯವ. ಕಡಲಲ್ಲಿ ಸರಕು ಹೊರುವ ಮಂಜಿ ಹಡಗುಗಳ ಮೂತಿಗೆ ಹೆಸರು, ಹೂ, ಕಣ್ಣು ಬರೆಯುವುದು ಅವನ ಕಸುಬು; ಮಂಜಿಯವರಿಗೆ ಕಡಲಲ್ಲಿ ಹಾಳಾಗದ ಸೌತೆ, ಕುಂಬಳ ಒಟ್ಟು ಮಾಡಿ ಕೊಡುವುದೂ ಅವನೇ. ಪ್ರತಿ ವರ್ಷ ಕುಂಭದಲ್ಲಿ ಬಂದು ಬಳ್ಳಿ ನೋಡಿ ಮಾತಾಡಿ ಹೋಗುತ್ತಿದ್ದ. ಆ ದಿನ ಪ್ರಫುಲ್ಲಾ ಕೊಡಪಾನ ಕೆಳಗಿಟ್ಟು ಅವನ ಎದುರು ನಿಂತಳು.

"ಪೊಕ್ಕರ್‌ಚ್ಚಾ, ನಿಮಗೆ ಸೌತೆಕಾಯಿ ಬರೀಲಿಕ್ಕೆ ಬರ್ತದಾ?"

"ಕಡಲು ಬರೀತೇನೆ. ಸೌತೆಕಾಯಿ ಎಂತ ಮಹಾ?"

ಮಧ್ಯಾಹ್ನದ ಊಟದ ಹೊತ್ತಿಗೆ ವಿಷಯ ಹೊರಬಿತ್ತು. ಕುಚ್ಚಲಕ್ಕಿ ಅನ್ನ, ಬಸಳೆ ಪದಾರ್ಥ, ಒಣ ಮೀನಿನ ಚಟ್ನಿ. ದೇವಕಿ ತುತ್ತು ಬಾಯಿಗಿಡಲಿಲ್ಲ.

"ಕೋಣೆಗೆ ಚಿತ್ರವಾ? ಈ ಮನೆಗೆ ನಾನು ಬಂದು ನಲ್ವತ್ತನಾಲ್ಕು ವರ್ಷ. ನನಗೆ ಅಂತ ಒಂದು ಕೋಣೆ ಇಲ್ಲ. ಚಾವಡಿಯ ಮೂಲೆಯಲ್ಲಿ ಚಾಪೆ. ಅವಳಿಗೆ ಕೋಣೆ! ಕೋಣೆಗೆ ಚಿತ್ರ ಬೇರೆ!"

"ಅವಳಿಗೆ ನೋಡ್ಲಿಕ್ಕೆ ಎಂತಾದರೂ ಬೇಕಲ್ಲ ಅತ್ತೆ. ಗೋಡೆಯಲ್ಲಿ ಗದ್ದೆಯದ್ದೇ ಇದ್ದರೆ ಗದ್ದೆಗೆ ಓಡುವುದಿಲ್ಲ."

"ನೋಡ್ಲಿಕ್ಕೆ ನಾನಿಲ್ಲವಾ?"

"ಅಜ್ಜಿಯನ್ನು ನೋಡಿ ನೋಡಿ ಸಾಕಾಗಿದೆ," ಎಂದಿತು ಒಳಗಿನ ಸ್ವರ.

ಉಗ್ಗಪ್ಪ ನಗು ತಡೆಯಲಾರದೆ ನೀರಿನ ಲೋಟ ಎತ್ತಿದ. ದೇವಕಿ ಮಗನನ್ನು ದುರುಗುಟ್ಟಿ ನೋಡಿದಳು. "ನೀನು ಹೆಂಡತಿಯ ಬಾಯಿ ನೋಡಿಕೊಂಡಿರು. ಯುದ್ಧ ಮುಗಿದು ನಾಲ್ಕು ವರ್ಷವಾದರೂ ಸೀಮೆಎಣ್ಣೆಗೆ ಕಾರ್ಡು ಹಿಡಿದು ನಿಲ್ಲುವ ಕಾಲ. ಇವರಿಗೆ ಗೋಡೆಗೆ ಬಣ್ಣ!"

"ಬಣ್ಣಕ್ಕೆ ಒಂದು ದುಡ್ಡೂ ಇಲ್ಲ," ಎಂದ ಉಗ್ಗಪ್ಪ. "ಒಂದು ಕುಂಬಳಕಾಯಿ ಸಾಕಂತೆ ಅವನಿಗೆ."

ಪೊಕ್ಕರ್ ಎರಡು ದಿನ ಬಂದ. ಮೊದಲ ದಿನ ಮಣ್ಣಿನ ಗೋಡೆಗೆ ಬಿಳಿ ಜೇಡಿ ಬಳಿದು ಒಣಗಿಸಿದ. ಎರಡನೆಯ ದಿನ ಕಾವಿಮಣ್ಣು, ಬಟ್ಟೆಗೆ ಹಾಕುವ ನೀಲಿ, ದೀಪದ ಮಸಿ ತಂದು, ಗೇರು ಮರದ ಅಂಟು ನೆನೆಸಿದ ನೀರಿನಲ್ಲಿ ಕಲಸಿ ತೆಂಗಿನ ಗೆರಟೆಗಳಲ್ಲಿ ಇಟ್ಟುಕೊಂಡ. ಹಳದಿಗೆ ಅಡುಗೆಮನೆಯ ಅರಸಿನ. ನೀಲಿಗೆ ಅರಸಿನ ಸೇರಿಸಿ ಹಸುರು ಮಾಡುವುದನ್ನು ಕಂಡು ದೇವಕಿಗೆ ಹೊಟ್ಟೆ ಉರಿಯಿತು.

"ಒಂದು ವರ್ಷದ ಅರಸಿನ ಗೋಡೆ ತಿಂದಿತು!"

"ಗೋಡೆಯೂ ಚೆನ್ನಾಗಿ ತಿನ್ನಲಿ ದೇವಕಿಯಕ್ಕಾ."

ಚಾಪೆಯಲ್ಲಿ ಮಲಗಿದ್ದ ಅಮ್ಮು ಹುಕುಂ ಹೊರಡಿಸುತ್ತಿದ್ದಳು. ಅಲ್ಲಿ ಮಾವು, ಇಲ್ಲಿ ಹಲಸು, ಮೂಲೆಯಲ್ಲಿ ಬಾಳೆಗೊನೆ. ಪೊಕ್ಕರ್ ಹೇಳಿದ್ದನ್ನೆಲ್ಲ ಬರೆದ. ಆದರೆ ಕೈ ಮಂಜಿಯ ಕೈ. ಅನಾನಸಿಗೆ ಮೀನಿನ ಪೊರೆ ಬಂದುಬಿಟ್ಟಿತು. ಬದನೆಗೆ ಬೇಕಾದ ಬಣ್ಣ ಇಲ್ಲದೆ ಕಾವಿ ಹಚ್ಚಿದ.

"ಕೆಂಪು ಬದನೆ ಯಾವ ಊರಲ್ಲಿ ಉಂಟು ಮಾರಾಯಾ?" ಎಂದಳು ಬಾಗಿಲಲ್ಲಿ ನಿಂತ ದೇವಕಿ.

"ಇನ್ನು ಈ ಊರಲ್ಲಿ ಉಂಟಲ್ಲ!"

ಕೊನೆಗೆ ಎದುರಿನ ಗೋಡೆಯ ಉದ್ದಕ್ಕೆ ಒಂದು ಬಳ್ಳಿ ಎಳೆದ. ಅದರಲ್ಲಿ ಸಾಲಾಗಿ ಏಳು: ಸೌತೆ, ಹೀರೆ, ಪಡುವಲ, ಹಾಗಲ, ಸೋರೆ, ಚೀನಿಕಾಯಿ, ತುದಿಯಲ್ಲಿ ಮೈತುಂಬ ರೋಮವಿದ್ದ ಎಳೆಯ ಕುಂಬಳ. ಅಷ್ಟು ಹೊತ್ತು ಗೊಣಗುತ್ತಿದ್ದ ದೇವಕಿ ಅದನ್ನು ಕಂಡು ಹೊಸಿಲು ದಾಟಿ ಹತ್ತಿರ ಬಂದಳು. ಕುಂಬಳದ ಮಿಡಿ ಅಷ್ಟು ನಿಜವಾಗಿತ್ತು. ಅದೇ ಅವಳಿಗೆ ಸರಿಬರಲಿಲ್ಲ.

ಏಕೆಂದರೆ ಅಮ್ಮು ಆಗಲೇ ತೋರುಬೆರಳು ಎತ್ತಿದ್ದಳು. "ಅಜ್ಜೀ, ಅದು ಕುಂಬಳ! ಅದು ಹೀರೆ!"

"ಬೆರಳು ಮಡಚು! ಕಚ್ಚು, ಹತ್ತೂ ಬೆರಳು ಕಚ್ಚು!"

ಬಳ್ಳಿಯ ಮಿಡಿಗೆ ಬೆರಳು ತೋರಿಸಬಾರದು. ತೋರಿಸಿದರೆ ಅದು ಹಳದಿಯಾಗಿ, ಕೊಳೆತು ಕಳಚಿ ಬೀಳುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಮರೆತು ತೋರಿಸಿದರೆ ಒಂದೊಂದೇ ಬೆರಳು ಕಚ್ಚಿ ತಪ್ಪು ಕಾಣಿಕೆ ಮಾಡಬೇಕು. ಬೈಲಿನ ಮಕ್ಕಳಿಗೆ ಮಾತು ಬರುವ ಮೊದಲೇ ಕಲಿಸುವ ಪಾಠ ಇದು.

"ಅದು ಗೋಡೆ ಅತ್ತೆ," ಎಂದಳು ಪ್ರಫುಲ್ಲಾ.

"ಗೋಡೆಯಲ್ಲಿ ಅಭ್ಯಾಸವಾದ ಬೆರಳು ಗದ್ದೆಯಲ್ಲಿ ಮಡಚ್ತದಾ? ಆ ಗೋಡೆಯ ಆಚೆ ಎಂತ ಉಂಟು? ಗದ್ದೆ! ಬೆರಳು ನೇರ ಗದ್ದೆಗೇ ಹೋಗ್ತದೆ!"

"ಹಾಗಾದರೆ ಗೋಡೆ ತೂತಾಗಬೇಕಿತ್ತು," ಎಂದಳು ಅಮ್ಮು. ಮತ್ತೆ ಬೆರಳೆತ್ತಿದಳು.

ಆದರೂ ಎರಡು ವಾರಕ್ಕೂ ಮಿಕ್ಕಿ ಹುಡುಗಿ ಅಲುಗಲಿಲ್ಲ ಎನ್ನುವುದು ನಿಜ. ಬೆಳಿಗ್ಗೆ ಎದ್ದವಳೇ ಗೋಡೆಗೆ ನೀರು ಹೊಯ್ಯುವ ಆಟ. ಇವತ್ತು ಸೌತೆ ಕೊಯ್ಯಬೇಕು, ನಾಳೆ ಹೀರೆ. ಮಾವಿಗೆ ಮಂಗ ಬಂತು, ಓಡಿಸಿ ಅಜ್ಜಿ! ಇಲ್ಲದ ಮಂಗವನ್ನು ಅಜ್ಜಿ ಓಡಿಸಬೇಕು. ಗಂಜಿ ಕುಡಿಸುವಾಗ ಒಂದು ತುತ್ತಿಗೆ ಒಂದು ಕಾಯಿಯ ಹೆಸರು. ಅಜ್ಜಿ ಅಡುಗೆಮನೆಗೆ ಹೋದರೆ, "ಅಜ್ಜೀ, ಈಗ ಬೆರಳು ತೋರಿಸ್ತೇನೆ!" ಎಂಬ ಬೆದರಿಕೆ. ಸಾರಿಗೆ ಒಗ್ಗರಣೆ ಹಾಕುವುದನ್ನು ಬಿಟ್ಟು ಓಡಿ ಬರಬೇಕು. ಒಗ್ಗರಣೆ ಕರಟುತ್ತಿತ್ತು. ಸಾಯಂಕಾಲ ಸೊಸೆ ಮೂಗು ಅರಳಿಸಿ, "ಇವತ್ತೂ ಕರಟಿತಾ ಅತ್ತೆ?" ಎನ್ನುತ್ತಿದ್ದಳು.

ಮೀನ ತಿಂಗಳು ಹುಟ್ಟುವುದಕ್ಕೆ ನಾಲ್ಕು ದಿನ ಇರುವಾಗ ಉಗ್ಗಪ್ಪ ಗದ್ದೆಯಿಂದ ಒಂದು ಬುಟ್ಟಿ ಎಳೆಸೌತೆ ತಂದು ಅಂಗಳದಲ್ಲಿ ಸುರಿದ. ಎಲ್ಲದರ ತೊಟ್ಟಿನ ಹತ್ತಿರ ಹಳದಿ, ಒತ್ತಿದರೆ ನೀರು.

"ನೊಣ ಕುಟುಕಿದೆ," ಎಂದ.

ದೇವಕಿ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ನೊಣ ಮೊನ್ನೆ ಹುಟ್ಟಿತಾ? ಮೂವತ್ತೈದು ವರ್ಷ ನಾನು ಬೆಳೆಸುವಾಗ ನೊಣ ಇರಲಿಲ್ಲವಾ?"

"ಇತ್ತು. ಆಗಲೂ ಕೊಳೆತಿತ್ತು. ನಿಮಗೆ ಮರೆತುಹೋಗಿದೆ."

"ನನಗೆ ಯಾವುದೂ ಮರೆಯುವುದಿಲ್ಲ."

ಅಂದಿನಿಂದ ದಿನಾ ಒಂದು ಬುಟ್ಟಿ. ಪೂರ್ತಿ ಕೊಳೆತದ್ದು ದನಕ್ಕೆ, ಅರ್ಧ ಕೊಳೆತದ್ದು ಮನೆಯವರಿಗೆ. ಬೆಳಿಗ್ಗೆ ಸೌತೆಕಾಯಿ ದೋಸೆ, ಮಧ್ಯಾಹ್ನ ಸೌತೆಕಾಯಿ ಹುಳಿ, ರಾತ್ರಿ ಗಂಜಿಗೆ ಸೌತೆಕಾಯಿ ಚಟ್ನಿ. ಹೀರೆಗೂ ಹಿಡಿಯಿತು, ಹಾಗಲಕ್ಕೂ ಹಿಡಿಯಿತು. ಬಾವಿಕಟ್ಟೆಯ ಪಕ್ಕದ ಕುಂಬಳ ಒಂದು ಮಾತ್ರ ಗಟ್ಟಿಯಾಗಿ ನಿಂತಿತು.

"ಮತ್ತೆ ಸೌತೆಯಾ?" ಎಂದ ಉಗ್ಗಪ್ಪ ಒಂದು ಮಧ್ಯಾಹ್ನ.

"ಮಗಳ ಬೆರಳಿಗೆ ಹೇಳು," ಎಂದಳು ದೇವಕಿ. "ಆ ಗೋಡೆ ಒರಸಿ ಹಾಕಿ ಅಂತ ನಾನು ಹತ್ತು ಸಲ ಹೇಳಿದೆ. ಬೈಲಿನಲ್ಲಿ ಬೇರೆ ಯಾರ ಗದ್ದೆಯಲ್ಲಿ ಹೀಗೆ ಉಂಟು?"

"ಎಲ್ಲರದ್ದರಲ್ಲೂ ಉಂಟು. ನೀವು ಜಗಲಿಯಿಂದ ನೋಡುವುದು ನಮ್ಮದನ್ನು ಮಾತ್ರ."

ಪ್ರಫುಲ್ಲಾ ಸೌಟು ಕೆಳಗಿಟ್ಟಳು. "ಅತ್ತೆ, ನನಗೆ ಸೌತೆ ಮುಂದಿನ ವರ್ಷವೂ ಬೆಳೀತದೆ. ಕಾಲು ಬೆಳೆಯುವುದಿಲ್ಲ. ಇನ್ನು ಹದಿನೆಂಟು ದಿನ. ಅಲ್ಲಿಯವರೆಗೆ ಗೋಡೆಯ ಸುದ್ದಿ ಎತ್ತಬೇಡಿ."

"ನಾನು ಎತ್ತಬಾರದಾ? ನನ್ನ ಮನೆಯ ಗೋಡೆ!"

"ನಿಮ್ಮ ಮೊಮ್ಮಗಳ ಕಾಲು!"

ಅನ್ನದ ಮೇಲೆ ನೊಣ ಕೂತಿತು. ಯಾರೂ ಓಡಿಸಲಿಲ್ಲ.

ಮರುದಿನ ಗಂಡಹೆಂಡತಿ ಗದ್ದೆಗೆ ಇಳಿದ ಮೇಲೆ ದೇವಕಿ ಎಲೆಯಡಿಕೆಗೆಂದು ಇಟ್ಟ ಚಿಪ್ಪಿನ ಸುಣ್ಣವನ್ನು ಒಂದು ಮಡಕೆಯಲ್ಲಿ ನೀರಾಗಿ ಕಲಸಿದಳು. ತೆಂಗಿನ ನಾರಿನ ಕುಂಚ ಮಾಡಿದಳು. ಎಲ್ಲವನ್ನೂ ಅಳಿಸುವ ದುರ್ಬುದ್ಧಿ ಅವಳಿಗಿರಲಿಲ್ಲ. ಮಾವು, ಹಲಸು, ಬಾಳೆ ಇರಲಿ. ಕೆಂಪು ಬದನೆಯೂ ಇರಲಿ. ಬಳ್ಳಿಯ ಏಳು ಮಾತ್ರ. ಅಮ್ಮು ನಿದ್ದೆಯಲ್ಲಿದ್ದಳು. ಏಳುವ ಮೊದಲು ಮುಗಿಸಿದರೆ ಒಂದು ದಿನ ಅಳುತ್ತಾಳೆ, ಮತ್ತೆ ಮರೆಯುತ್ತಾಳೆ. ಸೌತೆಯ ಮೇಲೆ ಕುಂಚ ಆಡಿಸಿದಳು, ಹೀರೆ, ಪಡುವಲ, ಸರಸರನೆ ಏಳೂ ಮುಗಿಸಿ ಹಿಂದೆ ಸರಿದು ನೋಡಿದಳು.

ಗೋಡೆ ಕೆಂಪಾಗುತ್ತಿತ್ತು.

ಅರಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ಅವಳಿಗೆ ತಿಳಿಯದೆಯೇ? ದೃಷ್ಟಿ ತೆಗೆಯುವ ಕೆಂಪು ನೀರನ್ನು ನೂರು ಸಲ ಕಲಸಿದ ಕೈ ಅದು. ಆದರೆ ಆ ಹಸುರಿನ ಒಳಗೆ ತನ್ನ ಅಡುಗೆಮನೆಯ ಅರಸಿನ ಇದೆ ಎಂಬುದು, ಅದಕ್ಕಾಗಿ ಅಷ್ಟು ಕೂಗಾಡಿದವಳಿಗೆ, ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಸೌತೆಯಿಂದ ಕೆಂಪು ಇಳಿಯಿತು. ಕುಂಬಳದಿಂದ ಕೆಂಪು ಇಳಿದು ನೆಲದವರೆಗೆ ಬಂತು. ಅವಳು ಒರಸಲೆಂದು ಬಟ್ಟೆ ತರಲು ಅಡುಗೆಮನೆಗೆ ಓಡಿದಳು. ಮೊಣಗಂಟಿನವಳ ಓಟ ಎಷ್ಟು ಬೇಗ?

ಹುಡುಗಿ ಕಿರುಚಿದ್ದು ಕೇಳಿಸಿತು. ತಿರುಗಿ ಬರುವಾಗ ಅಮ್ಮು ಚಾಪೆಯಲ್ಲಿರಲಿಲ್ಲ. ಗೋಡೆಯ ಬುಡದಲ್ಲಿದ್ದಳು. ಎರಡು ಕೈಯಿಂದಲೂ ಸುಣ್ಣ ಕೆರೆಯುತ್ತಿದ್ದಳು. ಉಗುರಿನ ತುಂಬ ಕೆಂಪು. ಕಾಲು ಅವಳ ಕೆಳಗೆ ಅಡ್ಡವಾಗಿ ಬಿದ್ದಿತ್ತು.

"ಎಂತ ಮಾಡಿದೆ ಹೆಣ್ಣೇ! ಅಯ್ಯೋ, ಎಂತ ಮಾಡಿದೆ!"

"ನೀವು ಎಂತ ಮಾಡಿದ್ದು?" ಎಂದಳು ಅಮ್ಮು. ಅಳುತ್ತಿರಲಿಲ್ಲ. ಕೆರೆದಷ್ಟೂ ಸುಣ್ಣ, ಬಣ್ಣ, ಜೇಡಿ ಒಂದಾಗಿ ಕೈಗೆ ಬರುತ್ತಿತ್ತು.

ದೇವಕಿ ಅವಳನ್ನು ಎತ್ತಿ ಚಾಪೆಗೆ ತಂದಳು. ಎಷ್ಟೋ ತಿಂಗಳಿಂದ ಒಂದು ಕೊಡಪಾನ ಎತ್ತದವಳು ಏಳು ವರ್ಷದ ಹುಡುಗಿಯನ್ನು ಹೇಗೆ ಎತ್ತಿದಳೋ! ಕಟ್ಟು ನೋಡಿದಳು. ಒಂದು ಬಿದಿರಿನ ಸೀಳು ಕೆಳಗೆ ಜಾರಿತ್ತು. ಅದನ್ನು ಮೇಲೆ ತಳ್ಳಿ ಬಟ್ಟೆ ಬಿಗಿದಳು.

"ಅಮ್ಮನಿಗೆ ಹೇಳ್ತೀಯಾ?"

ಅಮ್ಮು ಯೋಚಿಸಿದಳು. "ಇಳಿದದ್ದು ಹೇಳುವುದಿಲ್ಲ. ಆದರೆ ಏಳೂ ಮತ್ತೆ ಬರೆದು ಕೊಡಬೇಕು."

"ಪೊಕ್ಕರ್ ಮಂಜಿಯಲ್ಲಿ ಹೋಗಿದ್ದಾನೆ. ಮಳೆಗಾಲದವರೆಗೆ ಬರುವುದಿಲ್ಲ."

"ಪೊಕ್ಕರ್‌ಚ್ಚ ಅಳಿಸಲಿಲ್ಲವಲ್ಲ. ಅಳಿಸಿದ್ದು ನೀವು. ಏಳು ಸಾಲ."

ಗದ್ದೆಯಿಂದ ಬಂದ ಪ್ರಫುಲ್ಲಾ ಗೋಡೆ ನೋಡಿ ಬಾಯಿಗೆ ಬಂದದ್ದೆಲ್ಲ ಹೇಳಿದಳು. ದೇವಕಿ ಎಂದೂ ಇಲ್ಲದ ಹಾಗೆ ತಿರುಗಿ ಒಂದು ಮಾತೂ ಆಡಲಿಲ್ಲ. ಆ ಮೌನವೇ ಉಗ್ಗಪ್ಪನಿಗೆ ವಿಚಿತ್ರವಾಗಿ ಕಂಡಿತು. "ಅಮ್ಮನಿಗೆ ಜ್ವರವಾ?" ಎಂದು ಕೇಳಿದ.

ಮರುದಿನ ಅಮ್ಮು ಗಂಜಿ ಕುಡಿಯಲಿಲ್ಲ. ಗೋಡೆಯ ಮಾವಿಗೆ ಮಂಗ ಬರಲಿಲ್ಲ. ಪಾದ ಊದಿಕೊಂಡು ಹೊಳೆಯುತ್ತಿತ್ತು. "ನೋಯುತ್ತದಾ?" ಎಂದರೆ ತಲೆ ಅಲ್ಲಾಡಿಸಿದಳು, ಕೊಟ್ಟ ಮಾತು ಅಷ್ಟು ಗಟ್ಟಿ. ಮಧ್ಯಾಹ್ನ ಮಗ ಸೊಸೆ ಊಟಕ್ಕೆ ಕೂತಾಗ ದೇವಕಿ ಬಡಿಸುವ ಸೌಟು ಕೈಯಲ್ಲಿಯೇ ಹಿಡಿದು ನಿಂತಳು.

"ಉಗ್ಗಪ್ಪಾ, ಉಣ್ಣಬೇಡ. ಬೆಳ್ಳೂರಿಗೆ ಹೋಗು. ಪಂಡಿತನನ್ನು ಕರೆದುಕೊಂಡು ಬಾ."

"ಎಂತಕ್ಕೆ?"

"ನಿನ್ನೆ ಅವಳು ಇಳಿದಳು. ನಾನು ಸುಣ್ಣ ಹಚ್ಚಿದಾಗ. ನಾನೇ ಎತ್ತಿ ಮಲಗಿಸಿದೆ. ಹೇಳಲಿಲ್ಲ."

ಪ್ರಫುಲ್ಲಾ ಎದ್ದು ಹೋಗಿ ಮಗಳ ಪಾದ ನೋಡಿದಳು. ಹಿಂದಿರುಗಿ ಬಂದು ಅತ್ತೆಯ ಮುಖ ನೋಡಿದಳು. ಬೈಗಳಿಗೆ ಕಾದು ನಿಂತ ದೇವಕಿಗೆ ಒಂದು ಬೈಗಳೂ ಸಿಗಲಿಲ್ಲ. ಕೈಯಿಂದ ಸೌಟು ತೆಗೆದುಕೊಂಡು ಪ್ರಫುಲ್ಲಾ ಅಡುಗೆಮನೆಗೆ ನಡೆದಳು. ಆ ಹೊತ್ತಿನಿಂದ ಅತ್ತೆಯ ಜೊತೆ ಮಾತು ಬಿಟ್ಟಳು.

ಬಟ್ಯ ಪಂಡಿತ ದೇವರನ್ನು ಕರೆಯಿರಿ ಎಂದಿದ್ದರೂ ತಾನೇ ಬಂದ. ಕಟ್ಟು ಬಿಚ್ಚಿ, ಎಲುಬು ಎಳೆದು ಕೂರಿಸಿದ. ಹುಡುಗಿಯ ಕಿರುಚಾಟ ಬೈಲಿನಾಚೆ ಕೇಳಿಸಿತು. ಕೈ ತೊಳೆಯುತ್ತ ಹೇಳಿದ: "ಇವತ್ತಿನಿಂದ ಮತ್ತೆ ಒಂದು. ನಲ್ವತ್ತರವರೆಗೆ ಎಣಿಸಿ."

"ಬಿಸು ಹಬ್ಬ?" ಎಂದಳು ಅಮ್ಮು ಬಿಕ್ಕುತ್ತ.

"ಬಿಸು ಮಲಗಿಕೊಂಡೇ ಮಾಡು. ಪಾಯಸ ಮಲಗಿದವರಿಗೂ ಇಳೀತದೆ."

ಅವನು ಹೋದ ಮೇಲೆ ಅಮ್ಮು ಅಜ್ಜಿಯನ್ನು ಕರೆದಳು. "ಅಜ್ಜೀ, ಹೇಳಿದ್ದು ನೀವೇ. ನಾನಲ್ಲ. ನನ್ನ ಮಾತು ನಾನು ಉಳಿಸಿದ್ದೇನೆ. ಸಾಲ ಸಾಲವೇ."

ಹೀಗೆ ಅರುವತ್ತೆರಡು ವರ್ಷದ ದೇವಕಿ ಇದ್ದಿಲು ಹಿಡಿದಳು. ಮೊದಲು ಸೌತೆ. ಬರೆದು ಮುಗಿಸಿ ನೋಡಿದರೆ ಒನಕೆಯ ಹಾಗಿತ್ತು. ಬಣ್ಣಕ್ಕೆ ಅರಸಿನ ಹಚ್ಚಿದಳು. ಅಡಿಯ ಹೊಸ ಸುಣ್ಣ ಅದನ್ನು ತಕ್ಷಣ ಕೆಂಪು ಮಾಡಿತು.

"ಕೆಂಪು ಸೌತೆ ಯಾವ ಊರಲ್ಲಿ ಉಂಟು ಅಜ್ಜಿ?"

"ಬಾಯಿ ಮುಚ್ಚು."

"ಇದು ಆಗುವುದಿಲ್ಲ. ಮತ್ತೆ ಬರೀರಿ."

ಎರಡನೆಯ ಸಲಕ್ಕೆ ಸೌತೆಯ ಎಲೆಯನ್ನೇ ಜಜ್ಜಿ ರಸ ಹಿಂಡಿ ಹಚ್ಚಿದಳು. ಅದು ಹಿಡಿಯಿತು. ಒಂದು ಕಾಯಿಗೆ ನಾಲ್ಕೈದು ದಿನ. ಮೊಣಗಂಟು ನೋಯುತ್ತಿತ್ತು, ಕೈ ಎತ್ತಿದರೆ ಹೆಗಲು ಹಿಡಿಯುತ್ತಿತ್ತು. ಹೀರೆಗೆ ಏಣು ಬರಲಿಲ್ಲ. ಪಡುವಲ ಹಾವಾಯಿತು, ಅಮ್ಮು ಅದಕ್ಕೆ ಹೆಡೆ ಬೇಕೆಂದು ಹಟ ಹಿಡಿದಳು. ಸೋರೆಯನ್ನು ಕಂಡು, "ಇದು ಪಂಡಿತರ ಹೊಟ್ಟೆ" ಎಂದಳು. ಬಾಗಿಲ ಹೊರಗೆ ಯಾರೋ ನಕ್ಕ ಸದ್ದು. ದೇವಕಿ ತಿರುಗುವಷ್ಟರಲ್ಲಿ ಸೊಸೆಯ ಸೆರಗಿನ ತುದಿ ಮಾತ್ರ ಕಂಡಿತು.

ಮನೆಯಲ್ಲಿ ಮಾತು ಈಗ ಸುತ್ತು ಬಳಸಿ ಹೋಗುತ್ತಿತ್ತು. "ಅಮ್ಮೂ, ಅಜ್ಜಿಗೆ ಹೇಳು, ಗಂಜಿ ಬಡಿಸಿದೆ." "ಅಮ್ಮೂ, ನಿನ್ನ ಅಮ್ಮನಿಗೆ ಹೇಳು, ಉಪ್ಪು ಸಾಲದು." ನಡುವೆ ಮಲಗಿದ ಹುಡುಗಿ 'ಹೇಳಿದೆ, ಹೇಳಿದೆ' ಎಂದು ಬೇಸತ್ತಳು. ಉಗ್ಗಪ್ಪನಿಗೂ ಸಾಕಾಯಿತು. "ಅಂಚೆ ಕಚೇರಿಯವನು ಸಹ ಇಷ್ಟು ಕೆಲಸ ಮಾಡುವುದಿಲ್ಲ ಮಾರಾಯ್ತಿ," ಎಂದ ಹೆಂಡತಿಗೆ.

ಗದ್ದೆಯಲ್ಲಿ ಕೊಳೆಯುವುದೂ ನಿಲ್ಲಲಿಲ್ಲ. ಸುಣ್ಣ ಬಳಿದ ಮೇಲೂ ಅಷ್ಟೇ, ಮತ್ತೆ ಬರೆದ ಮೇಲೂ ಅಷ್ಟೇ. "ಈಗ ಎಂತ ಹೇಳ್ತೀರಿ?" ಎಂದ ಮಗ. "ಮೊದಲು ಬಿದ್ದ ಬೆರಳಿನ ಫಲ ಮುಗಿಯಬೇಕಲ್ಲ," ಎಂದಳು ದೇವಕಿ. ಬಿಸುವಿನ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ನೋಡುವ ಕಣಿಗೆ ಇಡಲು ಒಂದು ನೆಟ್ಟಗಿನ ಸೌತೆ ಹುಡುಕಲು ಉಗ್ಗಪ್ಪ ಅರ್ಧ ದಿನ ಗದ್ದೆ ಸುತ್ತಿದ. ಕುಂಬಳಕ್ಕೆ ಮಾತ್ರ ಕೊರತೆ ಇರಲಿಲ್ಲ. ಬಾವಿಕಟ್ಟೆಯ ಬಳ್ಳಿಯಲ್ಲಿ ಹದಿನಾಲ್ಕು ಬಲಿತಿದ್ದವು, ಇನ್ನೂ ಮಿಡಿ ಬಿಡುತ್ತಿತ್ತು.

ಬಿಸು ಕಳೆದು ವಾರಕ್ಕೆ ಆರು ಕಾಯಿ ಮುಗಿದವು. ದೇವಕಿ ಇದ್ದಿಲು ಕೆಳಗಿಟ್ಟಳು.

"ಏಳನೆಯದು? ಕುಂಬಳ?"

"ಅದು ಬರೆಯುವುದಿಲ್ಲ."

"ಯಾಕೆ?"

"ಉಳಿದದ್ದು ಅದೊಂದೇ. ಅದನ್ನೂ ನಿನ್ನ ಬೆರಳಿನ ಬಾಯಿಗೆ ಕೊಡ್ಲಿಕ್ಕೆ ನನಗೆ ಹುಚ್ಚು ಹಿಡಿದಿಲ್ಲ."

"ಬೆರಳು ತೋರಿಸುವುದಿಲ್ಲ. ಆಣೆ."

"ನಿನ್ನ ಆಣೆ ನನಗೆ ಗೊತ್ತುಂಟು."

ಹುಡುಗಿ ಅತ್ತಳು, ಗಂಜಿ ಬಿಟ್ಟಳು, ಅಪ್ಪನಿಗೆ ದೂರು ಕೊಟ್ಟಳು. ದೇವಕಿ ಜಗ್ಗಲಿಲ್ಲ. ಬಳ್ಳಿಯ ತುದಿಯಲ್ಲಿ ಸುಣ್ಣದ ಒಂದು ಬಿಳಿ ಜಾಗ ಹಾಗೆಯೇ ಉಳಿಯಿತು.

ನಲ್ವತ್ತನೆಯ ದಿನ ಪಂಡಿತ ಬೆಳಿಗ್ಗೆಯೇ ಬಂದ. ಸೀಳುಗಳನ್ನು ಒಂದೊಂದಾಗಿ ತೆಗೆದು, ಬಿಸಿ ನೀರಿನಲ್ಲಿ ಕಾಲು ತೊಳೆದ. ಕಾಲು ಪಡುವಲದ ಹಾಗೆ ಸಣ್ಣಗಾಗಿತ್ತು. ಮುಂಡಿನ ಅಂಚಿನಿಂದ ಒಂದು ನೂಲು ಕಿತ್ತು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಹಿಡಿದ; ಎಡಗಾಲು, ಬಲಗಾಲು. ಮತ್ತೊಮ್ಮೆ ಹಿಡಿದ.

"ಅರ್ಧ ಬೆರಳು," ಎಂದ ಕೊನೆಗೆ. "ಬಲದ್ದು ಅರ್ಧ ಬೆರಳು ಕಡಿಮೆ. ಕೆಲಸಕ್ಕೆ ತೊಂದರೆ ಇಲ್ಲ. ಓಡ್ತಾಳೆ, ನೀರು ಹೊರುತ್ತಾಳೆ. ಸೀರೆ ಉಡುವ ಪ್ರಾಯಕ್ಕೆ ಯಾರಿಗೂ ಗೊತ್ತಾಗುವುದಿಲ್ಲ."

"ಗೊತ್ತಾಗುವವರಿಗೆ ಗೊತ್ತಾಗ್ತದೆ," ಎಂದಳು ಪ್ರಫುಲ್ಲಾ.

ಯಾರೂ ದೇವಕಿಯ ಕಡೆ ನೋಡಲಿಲ್ಲ. ನೋಡಿದ್ದರೆ ಅವಳಿಗೆ ಒಳ್ಳೆಯದಿತ್ತು.

ಎರಡು ದಿನ ಗೋಡೆ ಹಿಡಿದು, ಮೂರನೆಯ ದಿನ ಕೋಲು ಹಿಡಿದು, ಆರನೆಯ ದಿನ ಕೋಲು ಬಿಸಾಡಿ ಅಮ್ಮು ಅಂಗಳಕ್ಕಿಳಿದಳು. ಆ ಮಧ್ಯಾಹ್ನ ದೇವಕಿ ಬಾವಿಕಟ್ಟೆಗೆ ಹೋಗಿ ಕುಂಬಳದ ನಾಲ್ಕು ಎಲೆ ಕೊಯ್ದು ತಂದಳು. ಜಜ್ಜಿ, ಗೆರಟೆಗೆ ರಸ ಹಿಂಡಿದಳು. ಒಲೆಯಿಂದ ಗಟ್ಟಿ ಇದ್ದಿಲು ಆರಿಸಿ ಕೋಣೆಗೆ ಹೋಗಿ ಬಿಳಿ ಜಾಗದ ಎದುರು ನಿಂತಳು. ಚಾಪೆ ಸುತ್ತಿ ಮೂಲೆಗೆ ಇಟ್ಟಾಗಿತ್ತು. ಅಕ್ಕಿ ಮುಡಿ, ಬುಟ್ಟಿಗಳು ಆಗಲೇ ಅರ್ಧ ಕೋಣೆ ಹಿಡಿದಿದ್ದವು.

"ಅಮ್ಮೂ! ಬಾ ಇಲ್ಲಿ. ಏಳನೆಯದು ಬರೀತೇನೆ."

"ಎಂತದು?"

"ಕುಂಬಳ! ನಿನ್ನ ಸಾಲ!"

"ಈಗ ನನಗೆ ಪುರುಸೊತ್ತಿಲ್ಲ ಅಜ್ಜೀ!"

"ಪುರುಸೊತ್ತಿಲ್ಲವಾ? ಇಷ್ಟು ದಿನ ನನ್ನ ಪ್ರಾಣ ತಿಂದೆಯಲ್ಲ?"

"ಇರ್ಲಿ, ನಿಮ್ಮ ಹತ್ತಿರವೇ ಇರ್ಲಿ!"

ಹುಡುಗಿ ಯಾವುದೋ ಕೋಳಿಯನ್ನು ಅಟ್ಟಿಕೊಂಡು ಹೋಗುತ್ತಿದ್ದಳು. ಅಂಗಳದ ಗಟ್ಟಿ ನೆಲದ ಮೇಲೆ ಹೆಜ್ಜೆ ಕೇಳಿಸುತ್ತಿತ್ತು. ಒಂದು ಜೋರು, ಒಂದು ಮೆತ್ತಗೆ. ಒಂದು ಜೋರು, ಒಂದು ಮೆತ್ತಗೆ. ದೇವಕಿ ಗೆರಟೆ ಹಿಡಿದು ನಿಂತೇ ಇದ್ದಳು. ಹೆಜ್ಜೆ ಮನೆಯನ್ನು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಎಲೆಯ ರಸ ಅಂಚಿನಲ್ಲಿ ಕಪ್ಪಾಗತೊಡಗಿತು.

ಪ್ರಫುಲ್ಲಾ ಬಾಗಿಲಿಗೆ ಬಂದಳು. ಅತ್ತೆಯ ಕೈಯನ್ನೂ ಖಾಲಿ ಗೋಡೆಯನ್ನೂ ನೋಡಿದಳು. ನಲ್ವತ್ತಾರು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು:

"ಅನ್ನ ತಣಿಯುತ್ತದೆ. ಬನ್ನಿ."

ದೇವಕಿ ಇದ್ದಿಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಯಾವಾಗ ಬೇಕಾದರೂ ಕೈಗೆ ಸಿಗುವ ಹಾಗೆ.

"ಕೊಡ್ಲಿಕ್ಕೆ ಹೊರಟರೆ ತೆಗೆದುಕೊಳ್ಳುವವಳಿಗೆ ಪುರುಸೊತ್ತಿಲ್ಲವಂತೆ," ಎಂದು ಗೊಣಗಿದಳು. "ಇಂಥ ಮನೆಯಲ್ಲಿ ಸಾಲ ಮಾಡಿದವರು ಎಲ್ಲಿಗೆ ಹೋಗಬೇಕು?"